ಸುರಗಿಯ ಪಾತಿ

"ಇನ್ನೂ ಆಳ ಬೇಕೇನೇ?" ಎಂದು ಮಧುಕೇಶ್ವರ ಗುಂಡಿಯೊಳಗಿಂದಲೇ ಕೇಳಿದ.

ಅವನ ಬನಿಯನ್ ಬೆವರಿಗೆ ಬೆನ್ನಿಗಂಟಿತ್ತು. ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕೂತು ಬೇರಿಂಗು, ಬೆಲ್ಟು ಎನ್ನುತ್ತ ದಿನ ಕಳೆಯುವ ಮನುಷ್ಯ ಹಾರೆ ಹಿಡಿದದ್ದನ್ನು ತ್ರಿವೇಣಿ ಮದುವೆಯಾದಾಗಿನಿಂದ ನೋಡಿರಲಿಲ್ಲ. ಭಾನುವಾರದ ಮಧ್ಯಾಹ್ನದ ನಿದ್ದೆಯನ್ನು ಅವನು ಯಾರ ಮದುವೆಗೂ ಬಿಟ್ಟುಕೊಟ್ಟವನಲ್ಲ. ಇವತ್ತು ಹೆಂಡತಿಯ ಸಸಿಗಾಗಿ ಬಿಟ್ಟಿದ್ದ. ಅದೇ ಅವಳಿಗೆ ಕಷ್ಟವಾಗಿತ್ತು. ಬೇಡ ಎಂದು ಅವನು ಹಟ ಹಿಡಿದಿದ್ದರೆ ಜಗಳವಾದರೂ ಆಡಬಹುದಿತ್ತು.

"ಸಾಕು ರೀ, ಮೇಲೆ ಬನ್ನಿ," ಎಂದಳು.

ಅವಳ ಕೈಯಲ್ಲಿದ್ದದ್ದು ಮೊಣಕೈ ಉದ್ದದ ಸುರಗಿ ಸಸಿ. ದಪ್ಪ ಎಲೆ, ಕಡ್ಡಿಯಂಥ ಕಾಂಡ, ನೋಡಲು ಅಂಥ ಚೆಂದವೇನಲ್ಲ. ಕಾಂಪೌಂಡಿಗೆ ಒರಗಿಸಿದ ಇನ್ನೊಂದು ಸಸಿ ಇತ್ತು, ಹೊಂಗೆ. ಮಧುಕೇಶ್ವರ ಅದನ್ನು ನರ್ಸರಿಯಿಂದ ತಂದು ವಾರವಾಗಿತ್ತು. ಯಾಕೆ ತಂದೆ ಎಂದು ಅವನು ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಹಾಗಂತ ಗೊತ್ತಿರಲಿಲ್ಲವೆಂದಲ್ಲ.

ಶಿಕಾರಿಪುರದ ಅಂಚಿನ ಹೊಸ ಬಡಾವಣೆಯಲ್ಲಿ ಅವರು ಕಟ್ಟಿಸಿದ ಮನೆ ಪಡುವಣಕ್ಕೆ ಮುಖ ಮಾಡಿತ್ತು. ಕಟ್ಟಿಸುವಾಗ ಬಾಗಿಲು ಎಲ್ಲಿರಬೇಕು, ಒಲೆ ಎಲ್ಲಿರಬೇಕು ಎಂದು ವಾಸ್ತು ಹೇಳುವವರು ಧಾರಾಳವಾಗಿ ಹೇಳಿದ್ದರು. ಬಿಸಿಲಿನ ಸುದ್ದಿಯನ್ನು ಒಬ್ಬರೂ ಎತ್ತಿರಲಿಲ್ಲ. ಶಿವರಾತ್ರಿ ಕಳೆದದ್ದೇ ತಡ, ಮಧ್ಯಾಹ್ನದ ಮೇಲೆ ಮುಂದಿನ ಕೋಣೆಯಲ್ಲಿ ಕೂರುವ ಹಾಗಿರಲಿಲ್ಲ. ಬಂದ ನೆಂಟರು ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದು ಹೋಗುತ್ತಿದ್ದರು. ನೀರಿನ ಸಂಪಿಗೂ ಕಾಂಪೌಂಡಿಗೂ ನಡುವೆ ಮರ ಏಳಬಹುದಾದ ಜಾಗ ಇದ್ದದ್ದು ಒಂದೇ. ಅಲ್ಲಿ ಮರ ಬಂದರೆ ಮನೆಗೆ ನೆರಳು, ಇಲ್ಲದಿದ್ದರೆ ಇಲ್ಲ. ಆ ಜಾಗದಲ್ಲಿ ಈಗಾಗಲೇ ಎರಡು ಸುರಗಿ ಸತ್ತಿದ್ದವು.

ತ್ರಿವೇಣಿಯ ತವರು ಚಂದ್ರಗುತ್ತಿ. ಸೊರಬ ದಾಟಿ ಗುಡ್ಡದ ಬುಡಕ್ಕೆ ಹೋದರೆ ರಸ್ತೆಯ ಬದಿಗೇ ಅಣ್ಣ ಗುರುಪ್ರಕಾಶನ ಮನೆ, ಮನೆಯ ಮುಂದೆ, ಗುಡ್ಡದ ದೇವಸ್ಥಾನಕ್ಕೆ ಹೋಗುವವರಿಗೆಂದು, ಅವನ ಹಣ್ಣುಕಾಯಿ ಅಂಗಡಿ. ಮನೆಯ ಪಕ್ಕದಲ್ಲಿ ಅಜ್ಜನ ಕಾಲದ ಸುರಗಿ ಮರವಿತ್ತು. ಚಳಿ ಇಳಿಯುವ ಹೊತ್ತಿಗೆ ಅದರ ಕೊಂಬೆಗಳಿಗೆ ಮುತ್ತು ಅಂಟಿಸಿದ ಹಾಗೆ ಮೊಗ್ಗು ಬರುತ್ತಿತ್ತು. ಸುರಗಿಯ ಗುಣವೆಂದರೆ, ಒಣಗಿದರೂ ಪರಿಮಳ ಬಿಡುವುದಿಲ್ಲ. ಅಮ್ಮ ಆ ಹೂವನ್ನು ಪೋಣಿಸಿ ಒಣಗಿಸಿ ಇಟ್ಟು, ಗೌರಿ ಹಬ್ಬಕ್ಕೆ ಮಗಳಿಗೆ ಬಾಗಿನ ಕಳಿಸುವಾಗ ಮೊರದೊಳಗೆ ಒಂದು ಪೊಟ್ಟಣ ಇಡುತ್ತಿದ್ದಳು. ಅಮ್ಮ ಹೋದ ಮೇಲೆ ಅತ್ತಿಗೆ ಪ್ರಮೀಳಾ ಅದನ್ನು ತಪ್ಪಿಸಲಿಲ್ಲ. ಶಿಕಾರಿಪುರದಲ್ಲಿ ತ್ರಿವೇಣಿಯ ಬೀರು ತೆಗೆದರೆ ಸೀರೆಗಳಿಂದ ಚಂದ್ರಗುತ್ತಿಯ ವಾಸನೆ ಬರುತ್ತಿತ್ತು. ಸ್ವಂತ ಮನೆಯಾದ ಮೇಲೆ ಆ ಮರವನ್ನು ತನ್ನ ಬಾಗಿಲಲ್ಲೇ ನೋಡಬೇಕೆಂಬ ಆಸೆ ಅವಳಿಗೆ ಹತ್ತಿತು. ದೊಡ್ಡ ಆಸೆಗಳನ್ನು ಇಟ್ಟುಕೊಂಡವಳಲ್ಲ, ಆದ್ದರಿಂದ ಇದು ಬಿಡಲಿಲ್ಲ.

ತವರಿನಿಂದ ತಂದ ಮೊದಲ ಸಸಿಯನ್ನು ಅವಳು ತವರಿನಲ್ಲಿ ನೆಡುವ ಹಾಗೆಯೇ ನೆಟ್ಟಿದ್ದಳು. ಅಲ್ಲಿ ಮಳೆಗಾಲ ಹಿಡಿಯಿತೆಂದರೆ ನೆಲವೆಲ್ಲ ನೀರು, ಬೇರು ಕೊಳೆಯಬಾರದೆಂದು ಮಣ್ಣನ್ನು ದಿಬ್ಬದಂತೆ ಏರಿಸಿ ಅದರ ನೆತ್ತಿಯಲ್ಲಿ ಗಿಡ ಕೂರಿಸುತ್ತಾರೆ. ಪಕ್ಕದ ಮನೆಯ ದುರ್ಗಮ್ಮ ಕಾಂಪೌಂಡಿನ ಮೇಲಿಂದ ಇಣುಕಿ ನೋಡಿದ್ದಳು.

"ಇದೇನವ್ವ ತ್ರಿವೇಣಿ, ಗಿಡ ನೆಟ್ಟೀಯೋ ಗೋರಿ ಕಟ್ಟೀಯೋ?"

"ನಮ್ಮ ಕಡೆ ಹೀಗೇ ನೆಡೋದು ದುರ್ಗಮ್ಮಾರೆ. ಇಲ್ಲಾಂದ್ರೆ ಬೇರು ಕೊಳೀತದೆ."

"ಕೊಳಿಯಾಕ ನೀರು ಎಲ್ಲೈತವ್ವ ಇಲ್ಲಿ?" ಎಂದು ದುರ್ಗಮ್ಮ ಬಾಯಿ ತುಂಬ ನಕ್ಕಿದ್ದಳು.

ಸುರಿದ ನೀರೆಲ್ಲ ದಿಬ್ಬದಿಂದ ಜಾರಿ ದುರ್ಗಮ್ಮನ ಕರಿಬೇವಿನ ಕಡೆಗೇ ಹೋಯಿತು. ದೀಪಾವಳಿಯ ಹೊತ್ತಿಗೆ ಸಸಿ ಒಣಗಿತು, ಕರಿಬೇವು ಮಾತ್ರ ಸೊಗಸಾಗಿ ಚಿಗುರಿತು. ಅಂದಿನಿಂದ ತ್ರಿವೇಣಿ ಊರಿನವರ ಹಾಗೆ ತಗ್ಗು ಮಾಡಿ, ಸುತ್ತ ಬದು ಕಟ್ಟಿ, ನೀರು ನಿಲ್ಲುವಂತೆ ಪಾತಿ ಮಾಡುವುದನ್ನು ಕಲಿತಳು. ನಿಂಬೆ, ನುಗ್ಗೆ, ದಾಸವಾಳ ಎಲ್ಲಕ್ಕೂ ಪಾತಿ. ಎರಡನೆಯ ಸುರಗಿಗೂ ಪಾತಿ, ತೆಂಗಿನ ಗರಿಯ ಮರೆ, ಎರಡು ಹೊತ್ತು ನೀರು. ಅದು ಯುಗಾದಿಯವರೆಗೆ ಬದುಕಿತ್ತು. ಆಮೇಲೆ ಬಯಲಿನ ಬಿಸಿಗಾಳಿ ಬೀಸಿತು, ಎಲೆಗಳ ಅಂಚು ಕಂದಿ ಒಳಗೊಳಗೇ ಸುಟ್ಟುಕೊಂಡು ಬಂತು. ಪೂರ್ತಿ ಒಣಗಿದ ಕಡ್ಡಿಗೆ ಅವಳು ಮಳೆಗಾಲದವರೆಗೂ ನೀರು ಹಾಕಿದಳು. ಕಿತ್ತು ಹಾಕಲು ಕೈ ಬರಲಿಲ್ಲ.

ಆ ಮಳೆಗಾಲದಲ್ಲೇ, ಆಷಾಢದ ಗಾಳಿಗೆ ಚಂದ್ರಗುತ್ತಿಯ ಮರ ಬುಡಸಮೇತ ಉರುಳಿತು. ಸುದ್ದಿ ಕೇಳಿ ಅವಳು, "ಹೌದಾ?" ಎಂದು ಫೋನಿಟ್ಟಿದ್ದಳು. ಮರುವರ್ಷದ ಗೌರಿಗೆ ಬಾಗಿನ ಬಂತು, ಮೊರದಲ್ಲಿ ಬಳೆ, ಕುಂಕುಮ, ರವಿಕೆ ಬಟ್ಟೆ ಎಲ್ಲ ಇತ್ತು, ಪೊಟ್ಟಣ ಇರಲಿಲ್ಲ. ಆಗ ಅತ್ತಳು. ಈ ಬೇಸಿಗೆಯಲ್ಲಿ, ಆ ಬಿದ್ದ ಮರದ ಬೊಡ್ಡೆಯನ್ನು ಸರಿಸುವಾಗ ಅದರ ಮಗ್ಗುಲಲ್ಲಿ ಒಂದು ಸಸಿ ಕಂಡಿತಂತೆ. ಗುರುಪ್ರಕಾಶ ಅದನ್ನು ಮಣ್ಣುಸಮೇತ ಕಿತ್ತು ಬಸ್ಸಿನವರ ಕೈಯಲ್ಲಿ ಕಳಿಸಿದ್ದ. "ಉಳಿದದ್ದು ಇದೊಂದೇ ಮಾರಾಯ್ತಿ. ನೀನೇ ಇಟ್ಕೊ," ಎಂದಿದ್ದ.

ಈಗ ಮಧುಕೇಶ್ವರ ಗುಂಡಿಯಿಂದ ಮೇಲೆ ಬಂದು ಹಾರೆಯನ್ನು ಒರಗಿಸಿದ. ತ್ರಿವೇಣಿ ಸಸಿ ಹಿಡಿದು ಗುಂಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂರುತ್ತ, ಆಸರೆಗೆಂದು ಗೋಡೆಗೆ ಕೈ ಕೊಟ್ಟಳು. ತಟ್ಟನೆ ತೆಗೆದಳು. ಮುಂಗಾರಿನ ಒಂದೆರಡು ಮಳೆ ಬಿದ್ದಿದ್ದರೂ ಗೋಡೆ ಕಾದ ಹಂಚಿನಂತಿತ್ತು. ಸಸಿಯ ಎಲೆಯನ್ನು ನೋಡಿದಳು. ಇನ್ನೂ ಅಂಚು ಕಂದಿರಲಿಲ್ಲ. ಕಂದುವುದು ಹೇಗೆ ಶುರುವಾಗುತ್ತದೆ, ಯಾವ ಎಲೆಯಿಂದ ಶುರುವಾಗುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು. ಇದು ಸತ್ತರೆ ಇನ್ನೊಂದನ್ನು ಕಳಿಸಲು ಅಲ್ಲಿಯೂ ಏನೂ ಇರಲಿಲ್ಲ.

"ರೀ, ಇದು ಇಲ್ಲಿ ಬದುಕೋದಿಲ್ಲ."

"ಈ ಸಲ ನೆರಳಿನ ಬಲೆ ಕಟ್ಟೋಣ. ಡ್ರಿಪ್ ಹಾಕಿಸ್ತೀನಿ."

"ಗಾಳಿಗೆ ಏನು ಕಟ್ತೀರಿ?"

ಅವನು ಟವೆಲಿನಿಂದ ಕತ್ತು ಒರೆಸಿಕೊಂಡ.

"ಹೊಂಗೆ ತನ್ನಿ."

"ನಾನು ಅದನ್ನ ಹಾಗಂತ ತಂದದ್ದಲ್ಲ ಕಣೇ."

"ಗೊತ್ತು. ತನ್ನಿ."

ಹೊಂಗೆಯನ್ನು ಇಳಿಸಿ ಮಣ್ಣು ಎಳೆದರು. ತ್ರಿವೇಣಿಯ ಕೈಗಳು ತಾವಾಗಿಯೇ ಸುತ್ತ ಬದು ಕಟ್ಟಿ ಪಾತಿ ಮಾಡಿದವು. ದುರ್ಗಮ್ಮ ಆಚೆಯಿಂದ, "ಈಗ ಸರಿ ಆತು ನೋಡವ್ವ," ಎಂದಳು. ತ್ರಿವೇಣಿಗೆ ಅವಳ ಮೇಲೆ ಸುಮ್ಮನೆ ಸಿಟ್ಟು ಬಂತು.

ಮಾರನೆಯ ಬೆಳಿಗ್ಗೆ ಅವಳು ಸುರಗಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಶಿರಾಳಕೊಪ್ಪದಲ್ಲಿ ಹತ್ತಿದವಳೊಬ್ಬಳು, "ಮಗೂನ ಹಿಡಕೊಂಡಂಗೆ ಹಿಡಕೊಂಡೀರಲ್ಲ," ಎಂದು ಜಾಗ ಮಾಡಿಕೊಂಡು ಕೂತಳು. ಸೊರಬದಲ್ಲಿ ಬಸ್ಸು ಬದಲಿಸುವಾಗ ಮೋಡ ಕಟ್ಟಿತ್ತು, ಗಾಳಿ ತಣ್ಣಗಿತ್ತು. ಚಂದ್ರಗುತ್ತಿಯಲ್ಲಿ ಇಳಿದಾಗ ನೆಲವೆಲ್ಲ ಒದ್ದೆ.

ಅಂಗಡಿಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ ಗುರುಪ್ರಕಾಶ ತಂಗಿಯನ್ನು ನೋಡಿ ಎದ್ದವನು, ಸಸಿಯನ್ನು ನೋಡಿ ಮತ್ತೆ ಕೂತ.

"ಎಂತದೇ ಇದು? ತವರಿಂದ ಕೊಟ್ಟಿದ್ದನ್ನ ಯಾರಾದ್ರೂ ತಿರುಗಿ ತರ್ತಾರನೇ?"

"ತಿರುಗಿ ಕೊಡ್ತಾ ಇಲ್ಲ ಅಣ್ಣ. ಮರ ನಂದೇ. ನೆಡೋದು ಮಾತ್ರ ಇಲ್ಲಿ."

"ಇಲ್ಲಿ ಎಲ್ಲಿ?"

"ಹಳೇ ಮರ ಇದ್ದಲ್ಲಿ."

ಗುರುಪ್ರಕಾಶ ಒಳಗೆ ನೋಡಿದ. ಬಾಗಿಲಲ್ಲಿ ನಿಂತಿದ್ದ ಪ್ರಮೀಳಾ ನೆಲ ನೋಡಿದಳು. ಮರವಿದ್ದ ಜಾಗವನ್ನು ಆಗಲೇ ಸಮ ಮಾಡಿ, ಮೂಲೆಗೆ ಕಬ್ಬಿಣದ ಕಂಬಗಳನ್ನು ತಂದು ಹಾಕಿದ್ದರು.

"ಅಲ್ಲಿ ಶೀಟು ಹಾಕಿಸೋಣ ಅಂತಿದ್ವಿ," ಎಂದ ಗುರುಪ್ರಕಾಶ ಮೆಲ್ಲಗೆ. "ಹುಣ್ಣಿಮೆ ಬಂದ್ರೆ ಗುಡ್ಡಕ್ಕೆ ಹೋಗೋರ ಕಾರು ನಿಲ್ಸಕ್ಕೆ ಜಾಗ ಇಲ್ಲ ಮಾರಾಯ್ತಿ. ಅಂಗಡಿಗೆ ನಾಕು ಜನ ಬರ್ತಾರೆ ಅಂತ."

ತ್ರಿವೇಣಿ ತವರಿನಲ್ಲಿ ಯಾವತ್ತೂ ಭಾಗ ಕೇಳಿದವಳಲ್ಲ. ಕೇಳಬೇಕೆಂದು ಅನ್ನಿಸಿಯೂ ಇರಲಿಲ್ಲ. ಈಗ ಅಣ್ಣ ಇಲ್ಲವೆಂದರೆ ಈ ಗಿಡವನ್ನು ಹೊತ್ತು ಎಲ್ಲಿಗೆ ಹೋಗುವುದು ಎಂದು ಹೆದರಿಕೆಯಾಯಿತು.

"ಇಷ್ಟೇ ಇಷ್ಟು ಜಾಗ ಕೊಡಣ್ಣ," ಎಂದು ಎರಡು ಕೈ ಅಗಲಿಸಿ ತೋರಿಸಿದಳು. "ಬೇರೆ ಏನೂ ಕೇಳೋದಿಲ್ಲ."

ಗುರುಪ್ರಕಾಶ ಸುಲಿಯುತ್ತಿದ್ದ ಕಾಯಿಯನ್ನು ಪೂರ್ತಿ ಸುಲಿದು, ಜುಟ್ಟು ಸರಿಮಾಡಿ, ಬುಟ್ಟಿಗೆ ಹಾಕಿದ. ಆಮೇಲೆ ಎದ್ದು ಹೋಗಿ ಒಂದೊಂದೇ ಕಂಬವನ್ನು ಎಳೆದು ಗೋಡೆಯ ಆಚೆಗೆ ಹಾಕತೊಡಗಿದ. ಪ್ರಮೀಳಾ ಗುದ್ದಲಿ ತಂದುಕೊಟ್ಟು, "ಕಾರಿಗೆ ನೆರಳೂ ಆಗ್ತದೆ ಬಿಡಿ," ಎಂದಳು. ಸುರಗಿ ನೆರಳು ಕೊಡುವಷ್ಟಾಗುವ ಹೊತ್ತಿಗೆ ಆ ಕಾರುಗಳು ಗುಜರಿ ಸೇರಿರುತ್ತವೆ ಎನ್ನುವುದು ಮೂವರಿಗೂ ಗೊತ್ತಿತ್ತು.

ತ್ರಿವೇಣಿ ತಾನೇ ಅಗೆದಳು. ಜಂಬಿಟ್ಟಿಗೆಯ ಕೆಂಪು ಮಣ್ಣು ನೆನೆದು ಮೆತ್ತಗಾಗಿತ್ತು, ಹಳೆಯ ಬೇರಿನ ತುಂಡುಗಳು ಗುದ್ದಲಿಗೆ ಸಿಕ್ಕವು. ಸಸಿ ಇಳಿಸಿ, ಮಣ್ಣು ತುಂಬಿ, ಅಂಗೈಯಿಂದ ತಟ್ಟಿದಳು. ಅಷ್ಟರಲ್ಲಿ ಗುಡ್ಡದ ಕಡೆಯಿಂದ ಮಳೆ ಸದ್ದು ಮಾಡುತ್ತ ಬಂತು. ಪ್ರಮೀಳಾ ಒಳಗೆ ಓಡಿದಳು. ತ್ರಿವೇಣಿ ಕೆಲಸ ಬಿಟ್ಟೇಳಲಿಲ್ಲ.

"ಎಂತ ಮಾಡ್ತಿದ್ದೀಯೇ ನೀನು?" ಎಂದ ಗುರುಪ್ರಕಾಶ.

ಅವಳು ತಲೆಯೆತ್ತಿದಳು.

"ಅಲ್ಲೇ, ಪಾತಿ ಮಾಡಿಟ್ಟಿದ್ದೀಯಲ್ಲೇ!"

ತ್ರಿವೇಣಿ ಕೆಳಗೆ ನೋಡಿದಳು. ಸಸಿಯ ಸುತ್ತ ಅಚ್ಚುಕಟ್ಟಾಗಿ ತಗ್ಗು, ತಗ್ಗಿನ ಸುತ್ತ ಗುಂಡಗೆ ಬದು. ಬದುವಿನ ಒಳಗೆ ಆಗಲೇ ನೀರು ನಿಂತು, ಸಸಿಯ ಕೆಳಗಿನ ಎಲೆ ಅದರಲ್ಲಿ ತೇಲುತ್ತಿತ್ತು. ಯಾವಾಗ ಕಟ್ಟಿದೆ ಎಂಬುದು ಅವಳಿಗೆ ನೆನಪಿರಲಿಲ್ಲ.

"ನಮ್ಮಲ್ಲಿ ಹೀಗೇ..." ಎಂದು ಶುರುಮಾಡಿದವಳು ಅಲ್ಲಿಗೇ ನಿಲ್ಲಿಸಿದಳು.

ಗುರುಪ್ರಕಾಶ ಲುಂಗಿ ಎತ್ತಿ ಕಟ್ಟಿ ಎದುರಿಗೆ ಕೂತು, ಬದುವನ್ನು ಒಂದು ಕಡೆ ಕೈಯಲ್ಲೇ ಒಡೆದ. ನೀರು ಹೊರಗೆ ಹೋಯಿತು. ಅವನು ಆ ಕಡೆಯಿಂದ, ಅವಳು ಈ ಕಡೆಯಿಂದ ಮಣ್ಣನ್ನು ಸಸಿಯ ಬುಡಕ್ಕೆ ಏರಿಸತೊಡಗಿದರು. ಅವನ ಕೈ ಸಲೀಸಾಗಿ ಓಡುತ್ತಿತ್ತು. ಅವಳು ಅವನ ಕೈ ನೋಡಿಕೊಂಡು ಮಾಡುತ್ತಿದ್ದಳು.