ನೆಲಕ್ಕೆ ತಾಗಬಾರದು

“ಏಯ್, ತೆಗಿಯೋ ಕೈನ, ಬೋಳಿಮಗನೆ! ಆ ಕೊಳಕು ಕೈಯಲ್ಲಿ ಬಾವುಟದ ಪೆಟ್ಟಿಗೆ ಮುಟ್ತೀಯಾ?”

ಭಾರವಿದೆಯಲ್ಲ, ಒಂದು ಕೈ ಕೊಡೋಣ ಎಂದು ಹೋಗಿದ್ದ ಗುಂಡಿ ಸರಕ್ಕನೆ ಹಿಂದೆ ಸರಿದ. ಸ್ಮಶಾನದಲ್ಲಿ ಗುಂಡಿ ತೋಡಿ ತೋಡಿ ಅವನ ಹೆಸರೇ ಗುಂಡಿಯಾಗಿ ಹೋಗಿತ್ತು. ಹೆತ್ತವರು ಇಟ್ಟ ಹೆಸರು ಹಿಡಿದು ಯಾರಾದರೂ ಕೂಗಿದರೆ, ಪಾಪ, ಅವನು ತಿರುಗಿಯೂ ನೋಡುತ್ತಿರಲಿಲ್ಲ.

ಬೈದವರು ಪುರಸಭೆಯ ಸಾಹೇಬರು. ಕಚೇರಿಯ ಮಾಳಿಗೆ ಮೇಲೆ ಗಾಳಿಗೆ ಹರಿದು ಚಿಂದಿಯಾದ ಬಾವುಟಗಳನ್ನು ಗೌರವದಿಂದ ಮಣ್ಣು ಮಾಡಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಅದಕ್ಕೊಂದು ಹೊಸ ಪೆಟ್ಟಿಗೆ ಮಾಡಿಸಿ, ಪಾಲಿಶ್ ಹೊಡೆಸಿ, ಒಳಗೆ ರೇಷ್ಮೆ ಹಾಸಿ, ಬಿಳಿ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದಿದ್ದರು. ಕಾರು ದೂರದ ಗೇಟಿನಾಚೆ ನಿಂತಿತ್ತು. ಈಗ ಪೆಟ್ಟಿಗೆಯ ಒಂದು ತುದಿ ಸಾಹೇಬರ ಕೈಯಲ್ಲಿ, ಇನ್ನೊಂದು ತುದಿ ಬಡಕಲು ಗುಮಾಸ್ತನ ಕೈಯಲ್ಲಿ.

“ತಳ ಒಂಚೂರು ಸಮ ಮಾಡ್ಬೇಕು ಸಾಹೇಬ್ರೆ. ಅಲ್ಲೀವರೆಗೆ ಪೆಟ್ಟಿಗೆ ಕೆಳಗಿಡಿ.”

“ಕೆಳಗಾ? ಬಾವುಟ ಕಣೋ ಮುಂಡೇದೆ! ನೆಲಕ್ಕೆ ತಾಗ್ಬಾರ್ದು. ಗೌರವ ಅಂದ್ರೆ ಏನೂಂತ ನಿಮ್ಮಂಥೋರಿಗೆ ಎಲ್ಲಿ ಗೊತ್ತಾಗ್ಬೇಕು! ಇಳಿ ಬೇಗ. ಒಂದು ಕಲ್ಲೂ ಇರಬಾರ್ದು ಒಳಗೆ.”

ಹೂಳುವುದಕ್ಕೆ ತಂದದ್ದು ನೆಲಕ್ಕೆ ತಾಗಬಾರದಂತೆ! ಗುಂಡಿಗೆ ನಗು ಬರಬೇಕಿತ್ತು, ಬರಲಿಲ್ಲ. ಸೊಂಟದಾಳದ ಗುಂಡಿಗೆ ಇಳಿದು ಬಗ್ಗಿ, ಅಂಗೈಯಲ್ಲೇ ಮಣ್ಣು ಸವರತೊಡಗಿದ. ತಲೆಯೆತ್ತಿದಾಗಲೆಲ್ಲ ಕಣ್ಣಿಗೆ ಬೀಳುತ್ತಿದ್ದುದು ಅಲ್ಲೇ ಪಕ್ಕದ ಹಸಿ ಮಣ್ಣಿನ ದಿಬ್ಬ, ಅದರ ಬಳಿ ಮೊಣಕಾಲು ತಬ್ಬಿ ಕೂತಿದ್ದ ತಮ್ಮನ ಹೆಂಡತಿ.

ಹೋದ ವಾರ ಇದೇ ಸಾಹೇಬರು ರಸ್ತೆ ಬದಿಯಲ್ಲಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತು, ಕಟ್ಟಿಕೊಂಡಿದ್ದ ಚರಂಡಿಯೊಳಕ್ಕೆ ತಮ್ಮನನ್ನು ಇಳಿಸಿದ್ದರು. ಹಗ್ಗವಿಲ್ಲ, ಮುಖಕ್ಕೊಂದು ಬಟ್ಟೆಯಿಲ್ಲ. ಇಳಿದವನು ಹೆಣವಾಗಿ ಮೇಲೆ ಬಂದ. ಆ ಹೆಣವನ್ನು ಪುರಸಭೆಯ ಕಸದ ಲಾರಿಯಲ್ಲಿ, ಕಸದ ಜೊತೆಗೇ ಕಳಿಸಿಕೊಟ್ಟರು. ತಮ್ಮನ ತಲೆಗೂದಲಿಗೆ ಅಂಟಿದ್ದ ಮೊಟ್ಟೆ ಸಿಪ್ಪೆಗಳನ್ನು ಗುಂಡಿಯೇ ಒಂದೊಂದಾಗಿ ಕಿತ್ತು ಹಾಕಿದ್ದ. ಕಚೇರಿಯಿಂದ ಒಂದು ನರಪಿಳ್ಳೆಯೂ ಈ ಕಡೆ ತಲೆ ಹಾಕಲಿಲ್ಲ.

ತಮ್ಮನ ಹೆಂಡತಿ ಕಚೇರಿಗೇ ಹೋಗಿದ್ದಳು. “ಕಾಸು ಕೇಳೋಕೆ ಬಂದಿಲ್ಲ. ನನ್ ಗಂಡನ ಮಣ್ಣಿನ ಮುಂದೆ ಒಂದು ಗಳಿಗೆ ನಿಂತ್ಕೊಂಡು, ನಾನೇ ಇಳಿಸ್ದೆ ಅಂತ ಹೇಳಿ, ಅಷ್ಟೇ ಸಾಕು,” ಎಂದಿದ್ದಳು.

“ಕುಡಿದು ಬಿದ್ದು ಸತ್ತೋರಿಗೆಲ್ಲ ಹೋಗಿ ನಿಂತ್ಕೊಳ್ಳೋಕೆ ನನಗೇನು ಬೇರೆ ಕೆಲಸ ಇಲ್ವಾ?” ಎಂದು ಸಾಹೇಬರು ಹೊರಗೆ ಅಟ್ಟಿಸಿದ್ದರು.

ಕುಡಿತವಂತೆ! ಕೆಮ್ಮಿನ ಔಷಧಿ ಕುಡಿಸಬೇಕಾದರೂ ಮೂಗು ಹಿಡಿಯಬೇಕಿತ್ತು ಅವನಿಗೆ.

“ಆಯ್ತೇನೋ? ಎಷ್ಟು ಹೊತ್ತು? ಕೈ ಬಿದ್ದು ಹೋಗ್ತಿದೆ,” ಸಾಹೇಬರು ಮೇಲಿನಿಂದ ಗದರಿದರು.

ಗುಂಡಿ ತಳ ನೋಡಿದ. ಕಲ್ಲಿಲ್ಲ, ಬೇರಿಲ್ಲ, ಹಾಸಿಗೆಯ ಹಾಗೆ ನುಣ್ಣಗಿತ್ತು. ತಮ್ಮನ ಗುಂಡಿಯನ್ನು ಹೀಗೆ ಸವರಿರಲಿಲ್ಲ ಅವನು. ಆವತ್ತು ಅದು ಹೊಳೆದೇ ಇರಲಿಲ್ಲ.

“ಆಯ್ತು.”

“ಮತ್ತೆ ಹತ್ತು ಮೇಲೆ.”

“ಹತ್ತಲ್ಲ.”

“ಏನಂದೆ?”

“ಹತ್ತಲ್ಲ ಅಂದೆ. ಮೊದ್ಲು ಅಲ್ಲಿಗೆ ಹೋಗಿ, ಅವಳು ಕೇಳಿದ್ದನ್ನ ಹೇಳ್ಬಿಟ್ಟು ಬನ್ನಿ. ಆಮೇಲೆ ನಾನೇ ಹತ್ತಿ ಮಣ್ಣು ಮುಚ್ತೀನಿ.”

“ನಿನ್ನಜ್ಜಿ ತಲೆ! ನಾಳೆಯಿಂದ ಕೆಲಸಕ್ಕೆ ಬರಬೇಡ ನೀನು!”

“ನಾಳೆ ಮಾತು ನಾಳೆಗೆ. ಇವತ್ತು ಇಲ್ಲೇ ಇರ್ತೀನಿ.” ಗುಂಡಿ ಗುದ್ದಲಿಯನ್ನು ಕಾಲ ಕೆಳಗೆ ಹಾಕಿಕೊಂಡು ನಿಂತುಬಿಟ್ಟ.

ಬಿಸಿಲು ನೆತ್ತಿ ಸುಡುತ್ತಿತ್ತು. ಸಾಹೇಬರ ಕಿವಿಯಿಂದ ಬೆವರು ಕಾಲರಿಗೆ ಇಳಿಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

“ಸಾರ್,” ಗುಮಾಸ್ತ ಏದುಸಿರು ಬಿಟ್ಟ. “ನಾಲ್ಕೇ ಹೆಜ್ಜೆ ಸಾರ್. ಹೋಗಿ ಒಂದು ಮಾತು ಅಂದ್ಬಿಡಿ. ನನ್ ಕೈಯಲ್ಲಿ ಆಗ್ತಿಲ್ಲ.”

“ಬಾಯಿ ಮುಚ್ಚಯ್ಯ! ನಾನೇ ಇಳಿಸ್ದೆ ಅಂದ್ಬಿಟ್ರೆ ಕುತ್ತಿಗೆಗೆ ಬರತ್ತೆ. ಹಿಡ್ಕೊ ಸರಿಯಾಗಿ!”

ನಾಲ್ಕು ಹೆಜ್ಜೆ! ಇಡೀ ದಿನ ಹೀಗೇ ಒಣಗಿದರೂ ಸರಿಯೇ, ಆ ಕಡೆ ಕಾಲಿಡಲೊಲ್ಲ ಈ ಮನುಷ್ಯ. ಇಂಥವನ ಮುಂದೆ ಏನು ಬಡಿದುಕೊಂಡರೇನು ಬಂತು, ಎನಿಸಿ ಗುಂಡಿಗೆ ಅಳುವೇ ಒತ್ತರಿಸಿತು.

ಅಷ್ಟರಲ್ಲಿ ಗುಮಾಸ್ತನ ಬೆರಳು ಸಡಿಲಾಯಿತು. ಅವನ ಕಡೆಯ ತುದಿ ಜಗ್ಗಿತು. ಪೆಟ್ಟಿಗೆಯ ಮುಚ್ಚಳ ಜಾರಿ, ಒಳಗಿನ ಬಾವುಟದ ಮಡಿಕೆಯೊಂದು ಹೊರಗೆ ಇಣುಕಿತು.

“ಬೀಳತ್ತೆ, ಬೀಳತ್ತೆ! ಹಿಡಿಯೋ ಗುಂಡಿ! ಹಿಡಿಯಪ್ಪಾ, ನಿನ್ ದಮ್ಮಯ್ಯ!”

ಹುಟ್ಟಿದಾಗಿನಿಂದ ಕೂಗಿಗೆ ಓಡಿ ಬಂದ ಕೈಗಳು. ತಾವಾಗಿಯೇ ಮೇಲೆದ್ದವು.

“ಭಾವ!”

ದಿಬ್ಬದ ಬಳಿ ಅವಳು ಎದ್ದು ನಿಂತಿದ್ದಳು.

“ಮುಟ್ಬೇಡಿ ಭಾವ. ನಿಮ್ ಕೈ ಕೊಳಕಂತೆ.”

ಗುಂಡಿ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಅವನ ಕಣ್ಣೆದುರಿಗೇ ಹರಿದ ಬಟ್ಟೆಯ ಅಂಚು ಪೆಟ್ಟಿಗೆಯಿಂದ ಜಾರುತ್ತ, ಜಾರುತ್ತ, ಮಣ್ಣಿನ ಕಡೆಗೆ ಇಳಿಯುತ್ತಿತ್ತು.