ರುಮಾಲಿನವ ಎದ್ದಾಗ

“ಲೇ ಓಬಳ್ಯಾ, ಜೋಳ ಕೊಯ್ಯಾಕ ಬಂದೀಯೋ, ಅದರ ಕ್ಷೌರ ಮಾಡಾಕ ಬಂದೀಯೋ, ಸೂಳೆಮಗನ?”

ಹಿಟ್ನಾಳದ ದೇಸಾಯರ ಹೊಲದಲ್ಲಿ ಕಾರಭಾರಿ ಗುಂಡೇರಾಯನ ದಿನದ ಸುಪ್ರಭಾತ ಇದಾಗಿತ್ತು. ಆದರೆ ಹೈದರಾಬಾದಿಗೆ ಹೋಗಿ ಬಂದ ಮೇಲೆ ಅವನ ನಾಲಗೆಗೆ ಬೆಲ್ಲ ಹತ್ತಿತ್ತು. ಅಲ್ಲೊಂದು ಗಿರಣಿಯಲ್ಲಿ ಆಳುಗಳನ್ನು ಬಯ್ಯದೆ ಹೊಗಳಿ ದುಡಿಸುತ್ತಾರಂತೆ. ಬಾರುಕೋಲು ಸವೆಯುತ್ತದೆ, ಹೊಗಳಿಕೆ ಸವೆಯುವುದಿಲ್ಲ ಎಂದು ದೇಸಾಯರನ್ನೂ ಒಪ್ಪಿಸಿದ್ದ.

ಊರಿಗೆ ಬಂದ ಮರುದಿನ ಗುಂಡೇರಾಯ, “ಓಬಳೆಪ್ಪನವರ, ಬರ್ರಿ” ಎಂದ. ಆ ದೊಡ್ಡ ಮನುಷ್ಯ ಯಾರೆಂದು ಓಬಳೆಪ್ಪ ಹಿಂದೆ ತಿರುಗಿ ನೋಡಿದ. ಹಿಂದೆ ಜೋಳ ಬಿಟ್ಟರೆ ಯಾರೂ ಇರಲಿಲ್ಲ. ಮುಟ್ಟಿದರೆ ಮೈಲಿಗೆಯೆಂದು ಕಾರಭಾರಿ ಕೆಂಪು ರುಮಾಲನ್ನು ದೂರದಿಂದಲೇ ಎಸೆದ. ರೊಟ್ಟಿ ಎಸೆದರೆ ಓಬಳೆಪ್ಪನ ನಾಯಿ ಕೂಡ ಅಷ್ಟು ಚಂದ ಹಿಡಿಯುತ್ತಿರಲಿಲ್ಲ.

ಅಂದಿನಿಂದ ಅವನು ಸಾಲಿನ ಮುಂದಾಳು. ಕಾಯಿದೆ ಒಂದೇ: ರುಮಾಲಿನವ ಬಗ್ಗಿದರೆ ಎಲ್ಲರೂ ಬಗ್ಗಬೇಕು, ಅವನೆದ್ದರೆ ಎಲ್ಲರೂ ಏಳಬೇಕು. ಮೊದಲು ಕೂಸು ಅತ್ತಾಗ ತಾಯಂದಿರು ಎದ್ದು ಹೋಗಿ ಹಾಲೂಡಿಸಿ ಬರುತ್ತಿದ್ದರು. ಈಗ ಅದೂ ನಿಂತಿತು. ಓಬಳೆಪ್ಪನಿಗೋ, ಏಳಲು ರುಮಾಲಿನ ಮರ್ಯಾದೆ ಬಿಡಲೊಲ್ಲದು. ತಲೆ ಅದೇ ಹಳೆಯದಾದರೂ ಅರಿವೆ ಹೊಸದಲ್ಲವೇ!

ಜಾಲಿಮರಕ್ಕೆ ಕಟ್ಟಿದ ಜೋಳಿಗೆಯಲ್ಲಿ ಅವನದೇ ಕೂಸು ಅತ್ತೂ ಅತ್ತೂ ದನಿ ಬಿದ್ದುಹೋಗಿತ್ತು. ಪಕ್ಕದಲ್ಲಿ ಕೊಯ್ಯುತ್ತಿದ್ದ ಮುದುಕಿ ಗೌಸಬೀ ತಲೆ ಎತ್ತದೆ ಅಂದಳು:

“ರುಮಾಲಪ್ಪ, ಕೂಸಿಗೂ ಒಂದು ರುಮಾಲು ಕಟ್ಟಪಾ. ಅಳೋದು ಬಿಟ್ಟೀತು.”

ಓಬಳೆಪ್ಪ ಹಿಂದೆ ನೋಡಿದ. ಹೆಂಡತಿ ದುರಗಮ್ಮ ಹಲ್ಲು ಕಚ್ಚಿ ಕೊಯ್ಯುತ್ತಿದ್ದಳು. ಅವಳ ಕುಪ್ಪಸ ಎದೆಯ ಮೇಲೆ ಒದ್ದೆಯಾಗಿತ್ತು. ಇಷ್ಟು ದಿನ ಈ ಜಾಣ ಅದನ್ನು ಬೆವರೆಂದುಕೊಂಡಿದ್ದ.

ಅವನು ಎದ್ದು ನಿಂತ. ಸಾಲಿಗೆ ಸಾಲೇ ಎದ್ದಿತು. ದುರಗಮ್ಮ ಮರದತ್ತ ಓಡಿದಳು.

“ಓಬಳೆಪ್ಪನವರ, ನೀವು ಹುಲಿ ಇದ್ದಂಗ. ಬಗ್ರಿ, ಬಗ್ರಿ” ಎಂದ ಗುಂಡೇರಾಯ. ಹುಲಿ ಬಗ್ಗಲಿಲ್ಲ. ಬೆಲ್ಲ ಕರಗಿತು.

“ಬಗ್ಗಲೇ ಸೂಳೆಮಗನ!”

“ಹಾಂ, ಈಗ ಗುರುತು ಹತ್ತಿತು ನೋಡ್ರಿ” ಎಂದು ಓಬಳೆಪ್ಪ ನಕ್ಕ. “ಆಗಿಂದ ಯಾರನ್ನ ಕರೀತೀರೋ ಅಂತ ನಾನೂ ಹುಡುಕಾಕ ಹತ್ತಿದ್ದೆ.”

ರುಮಾಲು ಬಿಚ್ಚಿ ನೆಲಕ್ಕೆ ಹಾಸಿ, ಅದರ ಮೇಲೆ ಅಂಡೂರಿ ಕುಳಿತ. ಹಿಂದೆ ಸಾಲೂ ಕುಳಿತಿತು.

ಗುಂಡೇರಾಯ ಗಾಡಿಯತ್ತ ಹೋಗಿ ಬಾರುಕೋಲು ಎಳೆದುಕೊಂಡ. ಮರದ ಕೆಳಗೆ ಕೂಸಿನ ಅಳು ನಿಂತಿತ್ತು. ಸಾಲಿನಲ್ಲಿ ಯಾರೂ ಕುಡುಗೋಲನ್ನು ಕೆಳಗಿಟ್ಟಿರಲಿಲ್ಲ.