ಹದಿನೈದು ದಿನದ ಕತ್ತಲು

ಅನಂತರಾಜು ತಮ್ಮನ ಮನೆಯ ಜಗಲಿಯ ಮೇಲೆ ಕೂತು ಕಾಫಿ ಮುಗಿಸಿದ. ಲೋಟವನ್ನು ಕಂಬದ ಬುಡಕ್ಕೆ ಸರಿಸಿ, "ಆರು ಸಾವಿರ ಸೇವಂತಿಗೆ ಸಸಿ ಬೇಕಲ್ಲಮ್ಮ" ಎಂದ. ತಮ್ಮನ ಹೆಂಡತಿ ಪ್ರಮೀಳಾ ಬಾಗಿಲಿಗೆ ಒರಗಿ ನಿಂತಿದ್ದಳು. ಒಂದು ವರ್ಷದಿಂದ ಅವಳು ಕಾಯುತ್ತಿದ್ದುದು ಈ ಮಾತಿಗೆ.

"ಯಾಕ್ ಬಾವ, ನಿಮ್ಮದೇ ತಾಯಿಗಿಡ ಇದ್ವಲ್ಲ?"

"ಅವ್ಕೆ ತುಕ್ಕುರೋಗ ಬಿತ್ತು ಕಣಮ್ಮ. ಎಲೆ ಹಿಂದೆಲ್ಲ ಬೆಳ್ಳನೆ ಗುಳ್ಳೆ. ಎಲ್ಲಾ ಕಿತ್ತು ಸುಟ್ಟಾಕ್ದೆ. ಆಯುಧಪೂಜೆ ಹೂವಿಗೆ ನಾಟಿ ಮಾಡೋಕೆ ಇನ್ನು ಇಪ್ಪತ್ತೇ ದಿನ ಅದೆ. ಮನೇಲೇ ಸಸಿ ಮಾಡೋಳು ಇರೋವಾಗ ನಾನ್ಯಾಕೆ ಊರೂರು ಅಲೀಲಿ?"

ಮನೇಲೇ ಎಂಬ ಮಾತು ಹೋದ ವರ್ಷ ಇದೇ ಜಗಲಿಯ ಮೇಲೆ ಅವನ ಬಾಯಲ್ಲಿ ಬಂದಿರಲಿಲ್ಲ.

"ಆಯ್ತು ಬಾವ. ಹದಿನೈದು ದಿನಕ್ಕೆ ಬೇರು ಬರುತ್ತೆ. ಹದಿನಾರನೇ ದಿನ ಬಂದು ತಗೊಂಡೋಗಿ."

"ದುಡ್ಡು..."

"ಬುಡಿ, ಮನೆಯವರ ಹತ್ರ ಏನು ದುಡ್ಡು."

ಅವನು ಖುಷಿಯಾಗಿ ಎದ್ದು ಹೋದ. ಗೇಟಿನ ಹತ್ತಿರ ನಿಂತು, "ಚಂದ್ರುಗೆ ಹೇಳಮ್ಮ, ಬಂದಿದ್ದೆ ಅಂತ" ಎಂದ. ಪ್ರಮೀಳಾಳ ಗಂಡ ಚಂದ್ರು ಬಿದರೆಹಳ್ಳಿ ಕಾವಲಿನ ಕಾರ್ಖಾನೆಗೆ ಕೆಲಸಗಾರರ ಬಸ್ಸು ಓಡಿಸುತ್ತಿದ್ದ. ಅಣ್ಣನ ಎದುರು ಅವನು ಎಂದೂ ಮಾತಾಡಿದವನಲ್ಲ. ಅಣ್ಣ ಬಂದ ವಿಷಯವನ್ನು ಅವನಿಗೆ ಹೇಳಿದರೂ ಹೇಳದಿದ್ದರೂ ಒಂದೇ.

ಮನೆಯ ಹಿಂದೆ, ಒಂದು ಕಾಲಕ್ಕೆ ರೇಷ್ಮೆಹುಳು ಸಾಕುತ್ತಿದ್ದ ಉದ್ದನೆಯ ಕೋಣೆಯಲ್ಲಿ ಅವಳ ಸಸಿಗಳಿದ್ದವು. ಮೂರು ಸಾಲು ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ಟ್ರೇಗಳು, ಟ್ರೇಗಳ ಮೇಲೆ ಬೋರಲು ಹಾಕಿದ ಹಂಡೆಯಂತೆ ತೂಗುವ ಅಲ್ಯೂಮಿನಿಯಂ ದೀಪಗಳು. ಅವು ತುಮಕೂರಿನ ಹೊರಗೆ ಮುಚ್ಚಿಹೋದ ಯಾವುದೋ ಕಾರ್ಖಾನೆಯ ಶೆಡ್ಡಿನ ಮಾಡಿನಲ್ಲಿ ಇಪ್ಪತ್ತು ವರ್ಷ ತೂಗಿ, ಕೊನೆಗೆ ಮರಳೂರಿನ ಗುಜರಿ ಅಂಗಡಿಗೆ ಬಂದು ಬಿದ್ದಿದ್ದವು. ಪ್ರಮೀಳಾಳ ತಂದೆ ರಾಮಾಂಜಿನಯ್ಯ ಮೂವತ್ತು ವರ್ಷ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೇ ಬಂದಿದ್ದರು. ಹನ್ನೆರಡು ದೀಪ ತಂದು ಅಂಗಳಕ್ಕೆ ಸುರಿದಾಗ ಅವರು ಮೊದಲು ಹೇಳಿದ ಮಾತು ಅವಳಿಗೆ ಇನ್ನೂ ನೆನಪಿದೆ.

"ವೈರ್ ಕಿತ್ತಾಕ್ದೆ, ಇನ್ನು ಸತ್ತೋಯ್ತು ಅನ್ಕೋಬೇಡ ಕಣವ್ವ. ಈ ಡಬ್ಬಿ ಅದೆಯಲ್ಲ, ಕೆಪಾಸಿಟರ್ರು, ಇದು ಹೊಟ್ಟೇಲಿ ಕರೆಂಟ್ ಮಡಗ್ಕೊಂಡಿರ್ತದೆ. ಮೊದ್ಲು ಇದನ್ನ ಇಳಿಸ್ಬೇಕು."

ಬಲ್ಬು ಸಿಕ್ಕಿಸಿದ ಎರಡು ವೈರಿನ ತುದಿಯನ್ನು ಅವರು ಡಬ್ಬಿಗೆ ಮುಟ್ಟಿಸುತ್ತಿದ್ದರು. ಕೆಲವು ಡಬ್ಬಿಗೆ ಬಲ್ಬು ಒಂದು ಸಲ ಮಿನುಗಿ ಆರುತ್ತಿತ್ತು. "ಇಳೀತಾ?" ಎಂದು ಕೇಳುವರು. ಇವಳು ಇಳೀತು ಎಂದರೆ, "ಇನ್ನೊಂದ್ ಸಲ ಮುಟ್ಸು. ಕೆಲವು ಮತ್ತೆ ತುಂಬ್ಕೋತವೆ" ಎನ್ನುವರು.

ಹಾಗೆ ಹನ್ನೆರಡು ದೀಪಕ್ಕೆ ಎರಡು ತಿಂಗಳು ಹಿಡಿಯಿತು. ಹಳೆಯ ಚೋಕು, ಹಳೆಯ ಬಲ್ಬು, ಸುಟ್ಟು ಗರಿಗರಿಯಾದ ವೈರು ಎಲ್ಲ ಹೊರಗೆ ಹೋದವು. ಒಳಗೆ ಎಲ್‌ಇಡಿ ಪಟ್ಟಿ ಕೂತವು. ಅರ್ಥಿಂಗ್ ವೈರು ಕೂರಿಸುವ ಕಡೆ ಮಾತ್ರ ಮುದುಕರು ಅವಳಿಂದ ಬಣ್ಣ ಕೆರೆಸಿದರು. "ಬಣ್ಣದ ಮೇಲೆ ನಟ್ ಬಿಗಿದ್ರೆ ಅದು ಅರ್ಥಿಂಗ್ ಅಲ್ಲ ಕಣವ್ವ, ಅಲಂಕಾರ. ಲೋಹಕ್ಕೆ ಲೋಹ ಮುಟ್ಬೇಕು." ಹಿತ್ತಲಲ್ಲಿ ಆಳುದ್ದ ಗುಂಡಿ ತೆಗೆದು, ಉಪ್ಪು ಇದ್ದಿಲು ತುಂಬಿ ಅರ್ಥಿಂಗ್ ಮಾಡಿದರು. ಕರೆಂಟು ಸ್ವಲ್ಪ ಸೋರಿದರೂ ತಾನೇ ಬೀಳುವ ಸ್ವಿಚ್ಚು ಬಾಗಿಲ ಹೊರಗೆ ಬಂತು. ಪ್ರತಿ ದೀಪಕ್ಕೂ ಚೈನು, ಚೈನು ಕಳಚಿದರೆ ಹಿಡಿಯಲೆಂದು ಇನ್ನೊಂದು ತಂತಿ. ಟ್ರೇಗೆ ನೀರು ಹಾಕುವ ಮುಂಚೆ ಸ್ವಿಚ್ಚು ಆರಿಸುವುದು ನಿಯಮವಾಯಿತು. ಎಲ್ಲ ಮುಗಿದ ಮೇಲೆ ಟೆಸ್ಟರ್ ಹಿಡಿದು ನೋಡಿ, ಕೊನೆಗೆ ರಾಮಾಂಜಿನಯ್ಯ ಕೈ ತಿರುಗಿಸಿ ಹಿಂಗೈಯಿಂದ ದೀಪದ ಮೈ ಮುಟ್ಟಿದರು. ಮಾಡಿದವನೇ ಮೊದಲು ಮುಟ್ಟಬೇಕು ಎಂಬುದು ಅವರ ಕಾರ್ಖಾನೆಯ ಪದ್ಧತಿ. ಹಿಂಗೈ ಯಾಕೆಂದರೆ, ಕರೆಂಟು ಹೊಡೆದರೆ ಅಂಗೈ ಹಿಡಿದುಕೊಳ್ಳುತ್ತದೆ, ಹಿಂಗೈ ಬಿಟ್ಟುಕೊಳ್ಳುತ್ತದೆ. ಹನ್ನೆರಡನೆಯ ದೀಪವನ್ನು ಮೊದಲು ಮುಟ್ಟಿದ್ದು ಪ್ರಮೀಳಾ.

ಸೇವಂತಿಗೆಗೆ ಬೇಕಾದ್ದು ಬೆಳಕಿನ ಲೆಕ್ಕ. ಬೆಳಿಗ್ಗೆ ಐದರಿಂದ ರಾತ್ರಿ ಒಂಬತ್ತರವರೆಗೆ, ಹದಿನಾರು ಗಂಟೆ ಬೆಳಕಿದ್ದರೆ ಅದು ಎಲೆಯಾಗಿ ಬೆಳೆಯುತ್ತದೆ. ರಾತ್ರಿ ಉದ್ದವಾಯಿತು ಎಂದು ಅನ್ನಿಸಿದರೆ ಮೊಗ್ಗು ಕಚ್ಚುತ್ತದೆ. ಒಮ್ಮೆ ಕಚ್ಚಿದ ಮೇಲೆ ಅದನ್ನು ಒಪ್ಪಿಸಿ ಬೆಳೆಸಲು ಆಗುವುದಿಲ್ಲ. ಬೆಳಕಿನಲ್ಲಿ ಬೇರು ಬಂದ ಪ್ರಮೀಳಾಳ ಸಸಿ ಗುಬ್ಬಿ, ಕುಣಿಗಲ್ ಕಡೆ ಹೆಸರು ಮಾಡಿತು. ಅಲ್ಲಿಯವರೆಗೆ ಆ ಕಡೆಗೆ ಸಸಿ ಕೊಡುತ್ತಿದ್ದವನು ಅನಂತರಾಜು.

ಹೋದ ವರ್ಷ ಇದೇ ದಿನಗಳಲ್ಲಿ ಅವನು ಬೀದಿಯವರನ್ನೆಲ್ಲ ಈ ಜಗಲಿಗೆ ಕರೆತಂದ.

"ಫ್ಯಾಕ್ಟರಿ ದೀಪ ಮನೇಲಿ ಉರುಸ್ತಾರಾ? ನಾಳೆ ಶಾರ್ಟ್ ಆಗಿ ಬೆಂಕಿ ಬಿದ್ರೆ ಇಡೀ ಸಾಲು ಮನೆ ಹೋಗ್ತವೆ. ಯಾರಾದ್ರೂ ಬಂದು ನೋಡಿ ಸರಿ ಅನ್ನೋವರ್ಗೂ ಆರಿಸ್ಲಿ."

ಎದುರುಮನೆಯ ರಿಟೈರ್ಡ್ ಮೇಷ್ಟ್ರು ಶಿವರಾಮಯ್ಯ ಬೀದಿಯಲ್ಲಿ ಹಿರಿಯರು. ಅವರು ಹಿಂದುಮುಂದು ನೋಡಿದರು. "ಗಿಡಕ್ಕೆ ಏನೂ ಆಗಲ್ವೇನಪ್ಪ?"

"ಎರಡು ದಿನ ಕತ್ಲಾದ್ರೆ ಗಿಡ ಸಾಯ್ತವಾ ಮೇಷ್ಟ್ರೇ? ದೇವ್ರು ರಾತ್ರಿ ಅಂತ ಮಾಡಿಲ್ವಾ? ನಂಗೇನ್ ಗೊತ್ತು, ನಾನು ಬೀದಿ ಜನಕ್ಕೋಸ್ಕರ ಹೇಳ್ತಿದೀನಿ."

ರಾಮಾಂಜಿನಯ್ಯ ಎದ್ದು, "ಬನ್ನಿ, ಒಳಗೆ ಬಂದು ಮುಟ್ಟಿ ನೋಡಿ" ಎಂದರು. ಯಾರೂ ಬರಲಿಲ್ಲ. ಅನಂತರಾಜು ನಕ್ಕು, "ಮುದುಕಪ್ಪಂಗೆ ಕಣ್ಣೇ ಕಾಣಲ್ಲ, ವೈರ್ ಬಣ್ಣ ಏನ್ ಕಂಡಾತು" ಎಂದ. ಆ ನಗುವನ್ನು ಪ್ರಮೀಳಾ ಮರೆಯಲಿಲ್ಲ.

ಬೀದಿಯವರ ಮಾತಿಗೆ ಅಂದೇ ದೀಪ ಆರಿದವು. ಕರೆಂಟ್ ಆಫೀಸಿನಿಂದ ನೋಡುವವನು ಬಂದದ್ದು ಹದಿನಾರನೆಯ ದಿನ. ಅಷ್ಟು ದಿನ ತಂದೆ ಮಗಳು ಬೆಳಿಗ್ಗೆ ಟ್ರೇಗಳನ್ನು ಅಂಗಳದ ನೆರಳಿಗೆ ಹೊತ್ತು, ಮಳೆಗೆ ಹೆದರಿ ಸಂಜೆ ಐದಕ್ಕೆ ಕತ್ತಲ ಕೋಣೆಗೆ ಹೊತ್ತು ಸೋತಿದ್ದರು. ಬಂದವನು ಒಂದೊಂದೇ ದೀಪ ಬಿಚ್ಚಿ ನೋಡಿ, "ಯಜಮಾನ್ರೇ, ನಮ್ಮನೇಲೂ ಇಷ್ಟು ನೀಟಾಗಿಲ್ಲ" ಎಂದು ಬರೆದುಕೊಟ್ಟು ಹೋದ. ಅಷ್ಟರಲ್ಲಿ ಹನ್ನೆರಡು ಸಾವಿರ ಸಸಿಯ ಕುಡಿಯಲ್ಲಿ ಸಾಸಿವೆಗಿಂತ ಸಣ್ಣ ಮೊಗ್ಗು ಕೂತಿತ್ತು. ಅವಳು ಅಷ್ಟನ್ನೂ ತಿಪ್ಪೆಗೆ ಹಾಕಿದಳು.

ಅದನ್ನೂ ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಕುಣಿಗಲ್ಲಿಗೆ ಹೋಗಿ, ಸಸಿ ಕೊಡಲಾಗದ್ದಕ್ಕೆ ಹೂ ಬೆಳೆಗಾರ ಚನ್ನವೀರಯ್ಯನವರ ಕ್ಷಮೆ ಕೇಳಿದಾಗ ಅವರು, "ನಿಮ್ಮ ಬಾವನೋರು ಮೊದಲ ವಾರಾನೇ ಫೋನ್ ಮಾಡಿದ್ರಲ್ಲಮ್ಮ. ದೀಪ ಆರಿಸವ್ರೆ, ಕತ್ಲಲ್ಲಿರೋ ಸಸಿ ಮೊಗ್ಗು ಕಚ್ಚಿರ್ತವೆ, ತಗೋಬೇಡಿ ಅಂದ್ರು. ಅವ್ರತ್ರಾನೇ ತಗೊಂಡೆ" ಎಂದರು.

ಗುಬ್ಬಿಯ ಬಸ್ಸಿನಲ್ಲಿ ಕೂತು ಬರುವಾಗ ಅವಳಿಗೆ ಅಳು ಬರಲಿಲ್ಲ. ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಆರಿಸಿದ. ಚನ್ನವೀರಯ್ಯನವರನ್ನು ಕರೆತಂದು ಹೇಳಿಸಬಹುದಿತ್ತು. ಆದರೆ ಅದು ಬೇರೆಯವರ ಬಾಯಿಂದ ಬರುವುದು ಅವಳಿಗೆ ಬೇಕಿರಲಿಲ್ಲ. ಅದೇ ಜಗಲಿಯ ಮೇಲೆ, ಅದೇ ಮೇಷ್ಟ್ರ ಮುಂದೆ, ಅವನೇ ಹೇಳಬೇಕು.

ಈಗ ಅವಳು ಮೂರನೆಯ ಸ್ಟ್ಯಾಂಡಿಗೆ ಕರಿ ತಾಡಪಾಲು ಸುತ್ತಲೂ ಇಳಿಬಿಟ್ಟಳು. ಅದರ ಮೇಲಿನ ನಾಲ್ಕು ದೀಪಕ್ಕೆ ಬೇರೆ ಟೈಮರ್ ಕೂರಿಸಿದಳು. ಬೆಳಿಗ್ಗೆ ಎಂಟಕ್ಕೆ ಹತ್ತುವುದು, ಸಂಜೆ ಐದಕ್ಕೆ ಆರುವುದು. ಕೂರಿಸಿ, ಟೆಸ್ಟರ್ ಹಿಡಿದು, ಹಿಂಗೈಯಿಂದ ಮುಟ್ಟಿ ನೋಡಿದಳು. ರಾಮಾಂಜಿನಯ್ಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಇದ್ಯಾರ ಸಸಿಯವ್ವ?"

"ಬಾವಂದು."

ಮುದುಕರು ತಾಡಪಾಲನ್ನು ಬೆರಳಲ್ಲಿ ಸರಿಸಿ ಒಳಗೆ ನೋಡಿದರು. ಬಿಟ್ಟರು. "ವೈರಿಂಗ್ ಸರಿಯಾಗಿ ಅದೆ" ಎಂದಷ್ಟೇ ಹೇಳಿ ಹೊರಟುಹೋದರು.

ಹದಿನಾರನೆಯ ದಿನ ಅನಂತರಾಜುವಿನ ಹೆಂಡತಿ ಭದ್ರಮ್ಮ ಗೂಡ್ಸ್ ಆಟೋ ಜೊತೆ ಬಂದಳು. ಒಂದು ಸಸಿ ಎತ್ತಿ, ಕುಡಿ ಬಿಡಿಸದೆ ಬೇರಷ್ಟೇ ನೋಡಿ, "ಎಷ್ಟು ಬೆಳ್ಳಗದೆ ಬೇರು! ನಿನ್ ಕೈ ಗುಣ ಕಣೇ" ಎಂದಳು. ಬೇರು ನಿಜವಾಗಿಯೂ ಚೆನ್ನಾಗಿತ್ತು. ಪ್ರಮೀಳಾ ಅವಳ ಮುಖ ನೋಡದೆ ಟ್ರೇ ಎತ್ತಿಕೊಟ್ಟಳು. ಅರವತ್ತು ಟ್ರೇ. ಪ್ರತಿಯೊಂದನ್ನೂ ತಾನೇ ಎತ್ತಿದಳು.

ಆಷಾಢ ಬಂತು. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೂವು ಕೇಳುವವರಿಲ್ಲ. ಅನಂತರಾಜುವಿನ ಹೊಲದಲ್ಲಿ ಗೇಣುದ್ದದ ಗಿಡಗಳು ಹೂ ಬಿಟ್ಟವು. ಅಂಗಿಯ ಗುಂಡಿಯಷ್ಟು ಹೂವು. ಅರ್ಧಕ್ಕರ್ಧ ಬಾಯಿ ಬಿಡದೆ ಹಸಿರಾಗಿಯೇ ಉಳಿದವು. ಕುಡಿ ಚಿವುಟಿದರೆ ಪಕ್ಕದ ಕವಲಿನಲ್ಲೂ ಮೊಗ್ಗೇ. ರಸ್ತೆಯ ಮೇಲೆ ಬೈಕು ನಿಲ್ಲಿಸಿ ಜನ ನೋಡಿಹೋಗುತ್ತಿದ್ದರು. "ಅನಂತಣ್ಣ, ನೆಲಸೇವಂತ್ಗೆ ಹೊಸ ತಳಿನಾ?" ಎಂದು ಒಬ್ಬ ಕೇಳಿದನಂತೆ.

ಸೋಮವಾರ ಮಧ್ಯಾಹ್ನ ಅವನು ಬೇರುಸಮೇತ ಕಿತ್ತ ಗಿಡದ ಕಂತೆಯನ್ನು ತಂದು ಜಗಲಿಯ ಮೇಲೆ ಎಸೆದ. ಹಿಂದೆಯೇ ಭದ್ರಮ್ಮ. ಗಲಾಟೆ ಕೇಳಿ ಶಿವರಾಮಯ್ಯ ಮೇಷ್ಟ್ರು ಕನ್ನಡಕ ಒರೆಸುತ್ತ ಬೀದಿ ದಾಟಿ ಬಂದರು. ಇನ್ನೂ ನಾಲ್ಕು ಮನೆಯವರು ಬಂದರು. ಪ್ರಮೀಳಾ ಎಲ್ಲರೂ ಕೂರುವವರೆಗೆ ಬಾಯಿ ತೆರೆಯಲಿಲ್ಲ.

"ಏನ್ ಸಸಿ ಕೊಟ್ಟೆ ನೀನು? ನೋಡಿ ಮೇಷ್ಟ್ರೇ, ನೋಡಿ!"

"ಸಸಿ ಚೆನ್ನಾಗೇ ಇದ್ವು ಬಾವ. ಇದೇ ಕೋಣೇಲಿ ಬೆಳೆದಿದ್ದು ಚನ್ನವೀರಯ್ಯನೋರ ಹೊಲದಲ್ಲಿ ಮೊಣಕಾಲುದ್ದ ಬಂದವೆ. ನಿಮ್ ಮಣ್ಣೇನೋ."

"ಮಣ್ಣಲ್ಲ ಕಣೇ! ನೀನು ಲೈಟ್ ಆರ್ಸಿದ್ದೀಯ!"

"ಎರಡು ದಿನ ಕತ್ಲಾದ್ರೆ ಏನಾಗುತ್ತೆ ಬಾವ?"

"ಎರಡು ದಿನ ಅಲ್ಲ, ಹತ್ತು ಹದಿನೈದು ದಿನ ಕತ್ಲಲ್ಲಿ ಇಟ್ರೆ ಮೊಗ್ಗು ಕಚ್ತವೆ, ಆಮೇಲೆ ದೇವ್ರು ಬಂದ್ರೂ ಬೆಳೆಯಲ್ಲ! ಸೇವಂತ್ಗೆ ಮಾಡೋರ ಮನೆ ಮಗುಗೂ ಗೊತ್ತು ಅದು! ಇಪ್ಪತ್ತು ವರ್ಷದಿಂದ ಗೊತ್ತು ನಂಗೆ!"

ಅವನು ನಿಲ್ಲಿಸಿದ. ತಾನು ಏನು ಹೇಳಿದೆ ಎಂಬುದು ಅವನಿಗಿಂತ ಮೊದಲು ತಿಳಿದದ್ದು ಭದ್ರಮ್ಮನಿಗೆ. ಅವಳು ಗಂಡನ ಮುಖವನ್ನೇ ನೋಡಿದಳು. ಮೇಷ್ಟ್ರು ಕನ್ನಡಕ ಹಾಕಿಕೊಂಡರು.

"ಹೋದ ವರ್ಷ ಇಲ್ಲೇ ಕೂತು, ನಂಗೇನ್ ಗೊತ್ತು ಅಂದೆಯಲ್ಲಪ್ಪ ಅನಂತರಾಜು."

ಮೇಷ್ಟ್ರು ಪ್ರಮೀಳಾಳ ಕಡೆ ತಿರುಗಿದರು. "ನೀನು ಆರಿಸಿದ್ಯೇನಮ್ಮ?"

"ಹೌದು ಮೇಷ್ಟ್ರೇ. ಹದಿನೈದು ದಿನ. ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಮ್ಮಿಯಿಲ್ಲ. ಅವ್ರು ನಂಗೆ ಕೊಟ್ಟಿದ್ನ ನಾನು ಅವ್ರಿಗೆ ಕೊಟ್ಟೆ. ಅವ್ರೂ ದುಡ್ಡು ತಗೊಂಡಿರ್ಲಿಲ್ಲ, ನಾನೂ ತಗೊಂಡಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಮತ್ತೆ ಒರೆಸತೊಡಗಿದರು. ಅನಂತರಾಜು ಗಿಡದ ಕಂತೆಗೆ ಕೈ ಹಾಕಿದ.

"ಇರ್ಲಿ ಬುಡಿ ಬಾವ, ನಾನು ಗುಡಿಸ್ಕೋತೀನಿ. ಹೋದ ವರ್ಷದ್ದೂ ನಾನೇ ಗುಡಿಸಿದ್ದು."

ಅವನು ಕಂತೆ ಬಿಟ್ಟು ಹೊರಟುಹೋದ. ಭದ್ರಮ್ಮ ಅವನ ಹಿಂದೆ ಹೋಗಲಿಲ್ಲ. ಸ್ವಲ್ಪ ಹೊತ್ತು ಜಗಲಿಯ ತುದಿಯಲ್ಲಿ ಕೂತಳು. "ನಂಗಾದ್ರೂ ಹೇಳಬಾರ್ದಿತ್ತೇನೇ? ಆ ಸಸಿನೆಲ್ಲ ನಾನೇ ನೆಟ್ಟೆ, ಸೊಂಟ ಬಗ್ಗಿಸಿ" ಎಂದಳು. ಭದ್ರಮ್ಮ ಎದ್ದು, ಸೆರಗು ಕೊಡವಿಕೊಂಡು, ಒಬ್ಬಳೇ ನಡೆದು ಹೋದಳು.

ಒಳಕೋಣೆಯಲ್ಲಿ ರಾಮಾಂಜಿನಯ್ಯ ಮೂರನೆಯ ಸ್ಟ್ಯಾಂಡಿನ ಹತ್ತಿರ ನಿಂತಿದ್ದರು. ತಾಡಪಾಲನ್ನು ಮಡಿಸಿ ಮೂಲೆಗಿಟ್ಟಿದ್ದರು. ಟೈಮರನ್ನು ಪ್ರಮೀಳಾ ಬರಲೆಂದು ಹಾಗೇ ಬಿಟ್ಟಿದ್ದರು. ಅವಳು ಮೇನ್ ಆರಿಸಿ, ಅದನ್ನು ಬಿಚ್ಚಿ, ನಾಲ್ಕು ದೀಪಗಳನ್ನೂ ಮತ್ತೆ ಹದಿನಾರು ಗಂಟೆಯ ಸಾಲಿಗೆ ಸೇರಿಸಿದಳು. ಮೇನ್ ಹಾಕಿದಳು. ಬೆಳಕು ಬಂತು. ಟೆಸ್ಟರ್ ಹಿಡಿದಳು. ಹಿಂಗೈ ಮುಟ್ಟಿಸಿದಳು.

"ಇಳೀತೇನವ್ವ?" ಮುದುಕರು ಕೇಳಿದರು.

ಹೊರಗೆ ಜಗಲಿಯ ಮೇಲೆ ಕುಳ್ಳ ಗಿಡಗಳು ಬಿದ್ದಿದ್ದವು. ಪೊರಕೆ ಎತ್ತಿಕೊಂಡು ಬಾಗಿಲವರೆಗೆ ಹೋದವಳು, "ಇಳೀತು ಅಪ್ಪ" ಎಂದಳು. ಮುದುಕರು ಇನ್ನೊಂದ್ ಸಲ ಮುಟ್ಸು ಎನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಅದನ್ನು ಕೇಳಿಸಿಕೊಳ್ಳದೆ ಗುಡಿಸತೊಡಗಿದಳು.